ಚಾದರದ ಮೇಲೆ ಅಕ್ಷರವೇಕೆ?

ಉಳ್ಳಾಲದ ಸಯ್ಯಿದ್ ಮದನಿ ದರ್ಗಾದಂಥ ಕಡೆ ಸಮಾಧಿಗೆ ಹೊದಿಸುವ ಚಾದರಗಳಲ್ಲಿ ಅರಬಿ ಅಕ್ಷರದ ಜರಿ ಕೆಲಸ ಕಂಡಾಗ ಮಂಗಳೂರಿನಲ್ಲೂ ಸಾಮಾನ್ಯವಾಗಿ ಕೇಳಿಬರುವ ವಿವರಣೆ ಒಂದೇ: ಇಸ್ಲಾಮಿನಲ್ಲಿ ಚಿತ್ರ ಸಲ್ಲದು, ಹಾಗಾಗಿ ಅಕ್ಷರವನ್ನೇ ಅಲಂಕಾರ ಮಾಡಿಕೊಂಡರು. ಆರಾಧನೆಯ ಸ್ಥಳದಲ್ಲಿ ಜೀವಿಗಳ ಚಿತ್ರ ಬೇಡವೆಂಬುದು ನಿಜ. ಆದರೆ ವಸ್ತ್ರದ ಚರಿತ್ರೆ ಬೇರೆಯೇ ಕಾರಣ ತೋರಿಸುತ್ತದೆ. ಉಮಯ್ಯದ್ ಕಾಲದಿಂದ ಫಾತಿಮಿದ್ ಕಾಲದವರೆಗೆ ಖಲೀಫರ ಕಾರ್ಖಾನೆಗಳು ಬಟ್ಟೆಗೆ ‘ತಿರಾಜ್’ ಎಂಬ ಅಕ್ಷರಪಟ್ಟಿ ಕೂಡಿಸುತ್ತಿದ್ದವು. ಅದರಲ್ಲಿ ಖಲೀಫನ ಹೆಸರು, ಅವನಿಗೆ ಹಾರೈಕೆ, ಎಷ್ಟೋ ಸಲ ಬಟ್ಟೆ ತಯಾರಾದ ಊರು ಮತ್ತು ವರ್ಷ ಇರುತ್ತಿದ್ದವು. ಗಮನಿಸಬೇಕಾದ ಸೊಗಸು ಇಲ್ಲಿದೆ: ಈಜಿಪ್ಟಿನ ಫಾತಿಮಿದ್ ಬಟ್ಟೆಗಳಲ್ಲಿ ಅಕ್ಷರದ ಪಕ್ಕದಲ್ಲೇ ಮೊಲ, ಹಕ್ಕಿಗಳೂ ಇವೆ! ಚಿತ್ರವಿದ್ದಲ್ಲೂ ಅಕ್ಷರ ಬೇಕಾಯಿತೆಂದರೆ ಅದರ ಕೆಲಸ ಬೇರೆ. ಅದು ಸಾಕ್ಷಿ ನುಡಿಯುತ್ತಿತ್ತು.

ಮಕ್ಕಾದ ಕಾಬಾಕ್ಕೆ ಹೊದಿಸುವ ಕಿಸ್ವಾದಲ್ಲಿ ಆ ಕೆಲಸ ಇಂದಿಗೂ ನಡೆದಿದೆ. ಸುಮಾರು 14 ಮೀಟರ್ ಎತ್ತರದ ಕಪ್ಪು ರೇಷ್ಮೆಯ ಮೇಲ್ಭಾಗದಲ್ಲಿ, ಕುರ್‌ಆನ್ ವಚನಗಳನ್ನು ಹೊತ್ತ ಸುಮಾರು 47 ಮೀಟರ್ ಉದ್ದದ ಪಟ್ಟಿ ಸುತ್ತುವರಿದಿದೆ. ಅದೇ ಹೊದಿಕೆ ಎಲ್ಲಿ ತಯಾರಾಯಿತು, ಯಾವ ದೊರೆ ಅರ್ಪಿಸಿದ ಎಂಬುದನ್ನೂ ಕಸೂತಿಯಲ್ಲೇ ಹೇಳುತ್ತದೆ. ಇನ್ನು ಕಪ್ಪು ನೆಲದಲ್ಲಿ ಕಪ್ಪು ಎಳೆಯಿಂದಲೇ ಕಲಿಮಾವನ್ನು, ಅಂದರೆ ಇಸ್ಲಾಮಿನ ನಂಬಿಕೆಯ ಘೋಷವನ್ನು, ಮತ್ತೆ ಮತ್ತೆ ನೇಯ್ದಿರುತ್ತಾರೆ. ಹತ್ತಿರ ಹೋಗದೆ ಅದು ಕಾಣದು. ಬರೀ ಅಂದಕ್ಕಾಗಿ ಇಟ್ಟ ಅಕ್ಷರವನ್ನು ಯಾರೂ ಹೀಗೆ ಬಚ್ಚಿಡುವುದಿಲ್ಲ. ಕಾಣಬೇಕಾದ ಅಕ್ಷರಕ್ಕೆ ಪಟ್ಟ ಶ್ರಮವನ್ನೂ ನೋಡಿ. ಜರಿ ಎಳೆಯನ್ನು ಸೂಜಿಯಲ್ಲಿ ಪೋಣಿಸಿ ಬಟ್ಟೆಯ ಒಳಗೆ ಹೊರಗೆ ಎಳೆದರೆ ಲೋಹ ಸವೆಯುತ್ತದೆ, ರೇಷ್ಮೆಯೂ ಹರಿಯುತ್ತದೆ. ಅದಕ್ಕೇ ಮೊದಲು ಅಕ್ಷರದ ಆಕಾರಕ್ಕೆ ಹತ್ತಿಯ ದಾರ ತುಂಬಿ ಉಬ್ಬಿಸುತ್ತಾರೆ. ಚಿನ್ನದ ಲೇಪದ ಬೆಳ್ಳಿ ಎಳೆಯನ್ನು ಅದರ ಮೇಲೆ ಅಡ್ಡಡ್ಡ ಹಾಯಿಸಿ, ಅಂಚುಗಳಲ್ಲಿ ಸಣ್ಣ ದಾರದಿಂದ ಕಟ್ಟುತ್ತಾರೆ. ಉಬ್ಬಿದ ಅಕ್ಷರ ಯಾವ ದಿಕ್ಕಿನ ಬೆಳಕನ್ನಾದರೂ ಹಿಡಿಯುತ್ತದೆ, ಕೆಳಗೆ ನಿಂತವನ ಕಣ್ಣಿಗೂ ನಿಲುಕುತ್ತದೆ. ನಮ್ಮ ಜರಿ ಕಸೂತಿಯಾದ ಜರ್ದೋಸಿಯದೂ ಇದೇ ವಿದ್ಯೆ. 1927ರಲ್ಲಿ ಮಕ್ಕಾದಲ್ಲಿ ಕಿಸ್ವಾ ಕಾರ್ಖಾನೆ ಆರಂಭವಾದಾಗ ಭಾರತದ ಕುಶಲಕರ್ಮಿಗಳು ಅಲ್ಲಿ ದುಡಿದಿದ್ದರು.

ಒಂದರ ಮೇಲೊಂದು ಪೇರಿಸಿದ ಸುಲುಸ್ ಎಂಬ ಅರಬಿ ಲಿಪಿಶೈಲಿಯ ಅಕ್ಷರಗಳನ್ನು ಎಷ್ಟು ಮಂದಿ ಓದಬಲ್ಲರು ಎಂದು ಕೇಳಬಹುದು. ಬಾರಕೂರಿನ ಶಿಲಾಶಾಸನಗಳನ್ನೂ ಎಲ್ಲರೂ ಓದಲಾರರು. ಅದರಿಂದ ಅವುಗಳ ಸಾಕ್ಷ್ಯ ಬಿದ್ದುಹೋಗದು. ಮೇಲಾಗಿ ಮದ್ರಸದಲ್ಲಿ ಕಲಿತ, ಕರಾವಳಿಯ ಬ್ಯಾರಿ ಮುಸ್ಲಿಂ ಮಗುವಿಗೆ ಕಲಿಮಾ ಬಾಯಿಪಾಠ, ಅದರ ಆಕಾರ ಕಣ್ಣಿಗೆ ಪರಿಚಿತ. ಇನ್ನೊಂದು ಆಕ್ಷೇಪ ಮುಸ್ಲಿಮರೊಳಗಿನದೇ: ಸಮಾಧಿಗೆ ಚಾದರ ಹೊದಿಸುವುದೇ ಸರಿಯಲ್ಲ, ಅದರ ಮೇಲೆ ಕುರ್‌ಆನ್ ವಚನವಿದ್ದರೆ ಅಗೌರವವಾದೀತು ಎನ್ನುವವರಿದ್ದಾರೆ. ಆ ಚರ್ಚೆಯನ್ನು ಇಲ್ಲಿ ತೀರ್ಮಾನಿಸಬೇಕಿಲ್ಲ. ಆದರೆ ಅಕ್ಷರ ಬರಿಯ ಅಲಂಕಾರವಾಗಿದ್ದರೆ ಅದರ ಗೌರವದ ಬಗ್ಗೆ ಇಷ್ಟು ಆತಂಕ ಹುಟ್ಟುತ್ತಲೇ ಇರಲಿಲ್ಲ.

ಸಾಕ್ಷ್ಯವೆಂದ ಮೇಲೆ ಅದನ್ನು ದಾಖಲಿಸುವ ಹೊಣೆಯೂ ಬರುತ್ತದೆ. ಕರಾವಳಿಯ ತೇವದಲ್ಲಿ ಬಟ್ಟೆಗೆ ಬೂಸು ಹಿಡಿಯುತ್ತದೆ, ಬೆಳ್ಳಿಜರಿ ಕಪ್ಪಾಗುತ್ತದೆ. ದರ್ಗಾಗಳ ಹಳೆಯ ಚಾದರಗಳ ಲಿಪಿ, ಹೊಲಿಗೆ, ದಾನಿಯ ಹೆಸರು, ವರ್ಷ ಇವನ್ನು ಅರಬಿ ಬಲ್ಲವರೂ ಕಸೂತಿ ಬಲ್ಲವರೂ ಜೊತೆಗೆ ಕುಳಿತು ಬರೆದಿಡಬೇಕು. ಕಲ್ಲಿನ ಶಾಸನಗಳಿಗೆ ನಾವು ಸಂಪುಟಗಳನ್ನೇ ತಂದಿದ್ದೇವೆ. ಬಟ್ಟೆಯ ಬರಹಕ್ಕೂ ಅಂಥ ಸಂಪುಟಗಳು ಬೇಕು.