ಮೊಬೈಲ್‌ನಲ್ಲಿ ಕೇಳಿಸದ ನಾಲ್ಕು ತಂತಿ

ನಿಮ್ಮ ಕೈಯಲ್ಲಿರುವ ಮೊಬೈಲ್‌ನಲ್ಲಿ ಬೇಸ್ ಗಿಟಾರ್ ಸರಿಯಾಗಿ ಕೇಳುವುದೇ ಇಲ್ಲ, ಗೊತ್ತುಂಟಾ? ಅದರ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಫೋನಿನ ಪುಟ್ಟ ಸ್ಪೀಕರ್‌ಗೆ ಅಷ್ಟು ಕೆಳಗಿನ ಸ್ವರ ಹೊರಡಿಸುವ ತ್ರಾಣ ಇಲ್ಲ. ಮೇಲಿನ ಸ್ವರಗಳಷ್ಟೇ ಕೇಳುತ್ತವೆ, ಉಳಿದದ್ದನ್ನು ನಮ್ಮ ಮಿದುಳು ಊಹಿಸಿಕೊಳ್ಳುತ್ತದೆ.

2008ರಲ್ಲಿ 'ಸೈಕೋ' ಸಿನಿಮಾದ ಮಹದೇಶ್ವರನ ಹಾಡು ಬಂದಾಗ ನಾನು ಹೈಸ್ಕೂಲು. ಪುತ್ತೂರು–ಸುಳ್ಯ ಬಸ್ಸಿನಲ್ಲೂ ಅದೇ, ಮದುವೆ ಮನೆಯಲ್ಲೂ ಅದೇ. ರಘು ದೀಕ್ಷಿತ್ ಪ್ರಾಜೆಕ್ಟ್‌ನ ಮೊದಲ ಆಲ್ಬಂ ಬಂದದ್ದೂ ಆ ವರ್ಷವೇ. ಲುಂಗಿ, ಗೆಜ್ಜೆ, ಶಿಶುನಾಳ ಶರೀಫರ ಪದ, ಜೊತೆಗೆ ರಾಕ್! ನಮ್ಮ ಕಿವಿಗೆಲ್ಲ ರಘು ದೀಕ್ಷಿತರ ಕಂಠ ಮಾತ್ರ. ಇಂಜಿನಿಯರಿಂಗ್ ಓದುವಾಗ ಹಾಸ್ಟೆಲ್‌ನಲ್ಲಿ ಯಾರದ್ದೋ ಒಳ್ಳೆಯ ಹೆಡ್‌ಫೋನ್ ಸಿಕ್ಕಿತು ನೋಡಿ, ಹಾಡಿನ ಅಡಿಯಲ್ಲಿ ಇನ್ನೊಬ್ಬ ಮನುಷ್ಯ ಇದ್ದಾನೆ ಅಂತ ಆಗ ಗೊತ್ತಾದದ್ದು.

ಅವರು ಗೌರವ್ ವಾಜ್. ಬ್ಯಾಂಡಿನ ಆರಂಭದ ವರ್ಷಗಳ ಬೇಸ್ ವಾದಕ, ಮ್ಯಾನೇಜರ್ ಕೂಡ ಅವರೇ. ಮೈಸೂರು, ಬೆಂಗಳೂರಿನಲ್ಲಿ ಬೆಳೆದ ಈ ಬ್ಯಾಂಡ್ 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮಕ್ಕೆ, 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವಕ್ಕೆ ಹೋಯಿತು. ಅಷ್ಟು ದೂರದ ಓಡಾಟದ ಲೆಕ್ಕಾಚಾರವನ್ನೂ ನೋಡಿಕೊಂಡು, ಸ್ಟೇಜಿನಲ್ಲಿ ತಾಳವನ್ನೂ ಹಿಡಿದು ನಿಲ್ಲುವುದೆಂದರೆ ಸಣ್ಣ ಕೆಲಸ ಅಲ್ಲ ಮಾರಾಯ್ರೆ. ಯಕ್ಷಗಾನದಲ್ಲಿ ಚೆಂಡೆಗೆ ಶಿಳ್ಳೆ ಬೀಳುತ್ತದೆ, ಮದ್ದಳೆಗೆ ಯಾರು ಹಾಕುತ್ತಾರೆ? ಹಾಗೇ ಇದು.

ಕೆಲಸಕ್ಕೆಂದು ಬೆಂಗಳೂರಿಗೆ ಬಂದ ಮೇಲೆ ಇಂದಿರಾನಗರದ ಕ್ಲಬ್ಬೊಂದರಲ್ಲಿ ಮೊದಲ ಸಲ ರಾಕ್ ಬ್ಯಾಂಡಿನ ಸ್ಪೀಕರ್ ಎದುರು ನಿಂತೆ. ಬೇಸ್ ಕಿವಿಗಲ್ಲ, ಎದೆಗೆ ಬಡಿಯಿತು. ಆಗ ನೆನಪಾದದ್ದು ಸುಳ್ಯದ ಚಿಕ್ಕಮ್ಮನ ಮನೆ ಪಕ್ಕದ ಅಣ್ಣ.

ನಮ್ಮಲ್ಲಿ ಕ್ಲಬ್ ಅಂದ್ರೆ ಬೇರೆಯೇ. ಯುವಕ ಮಂಡಲ, ಫ್ರೆಂಡ್ಸ್ ಕ್ಲಬ್, ಅವುಗಳ ವಾರ್ಷಿಕೋತ್ಸವ, ರಾತ್ರಿ ರಸಮಂಜರಿ. ಕಡಬ, ಪುತ್ತೂರು ಕಡೆಯ ಅಂಥ ಸ್ಟೇಜುಗಳಲ್ಲಿ ಈ ಅಣ್ಣ ಬೇಸ್ ನುಡಿಸುತ್ತಿದ್ದರು. ನಾವು ಮಕ್ಕಳು ಡ್ರಮ್ಸ್‌ನವನ ಹತ್ತಿರ ಕೂರಲು ಜಗಳ ಆಡುತ್ತಿದ್ದೆವು, ಅಣ್ಣನ ಕಡೆ ಒಬ್ಬರೂ ಇಲ್ಲ. ಆಮೇಲೆ ಖರ್ಚು ಉಳಿಸಲು ಕೀಬೋರ್ಡಿನವರ ಎಡಗೈಯೇ ಬೇಸ್ ಆಯಿತು. "ಇವರು ಎಂತ ಮಾಡುವುದು?" ಎಂದು ಕಮಿಟಿಯೊಂದು ಕೇಳಿತಂತೆ. ಅಣ್ಣ ಅಡಿಕೆ ತೋಟ, ಪಂಪ್ ರಿಪೇರಿ ಅಂತ ಉಳಿದುಬಿಟ್ಟರು.

ಕಳೆದ ದೀಪಾವಳಿಗೆ ಊರಿಗೆ ಹೋಗುವಾಗ ಬ್ಯಾಗಿನಲ್ಲಿ ಒಂದು ಒಳ್ಳೆಯ ಸ್ಪೀಕರ್ ಹಾಕಿಕೊಂಡಿದ್ದೆ. ಅವರ ಜಗಲಿಯಲ್ಲಿ ಆ ಮೊದಲ ಆಲ್ಬಂ ಹಾಕಿದೆ. ಮೂರು ಹಾಡು ಮುಗಿಯುವವರೆಗೆ ಮಾತೇ ಇಲ್ಲ.

"ಜಾಸ್ತಿ ನುಡಿಸುವುದಿಲ್ಲ ಇವ," ಎಂದರು ಕಡೆಗೆ. "ಬೇಕಾದಲ್ಲಿ ಮಾತ್ರ."

ಅಟ್ಟದಿಂದ ಗಿಟಾರ್ ಇಳಿಸಿದರು. ಎರಡು ತಂತಿಗೆ ತುಕ್ಕು, ಒಂದು ಇಲ್ಲವೇ ಇಲ್ಲ. ಬಟ್ಟೆಯಿಂದ ಧೂಳು ಒರೆಸುತ್ತಾ ಕೇಳಿದರು: "ಬೆಂಗಳೂರಿನಲ್ಲಿ ತಂತಿಯ ಸೆಟ್ಟಿಗೆ ಈಗ ಎಷ್ಟಾಗ್ತದೆ?"