ಬೆಲ್ಟಿಗೆ ತೂತು ಹೊಡೆಯುವ ಮುನ್ನ: ಕೈ ಪ್ರೆಸ್ಸಿಗೆ ನಮ್ಮದೇ ಪಂಚ್

ಆಲಂಕಾರು, ಕಡಬದ ಕಡೆ ತೋಟದ ಕೆಲಸಕ್ಕೆ ಹೊರಟವರ ಸೊಂಟದಲ್ಲಿ ಬೆಲ್ಟು ಪ್ಯಾಂಟು ಜಾರದಿರಲಿ ಎಂಬುದಕ್ಕಷ್ಟೇ ಇರುವುದಿಲ್ಲ. ಹಿಂದುಗಡೆ ಕೊಕ್ಕೆ, ಕೊಕ್ಕೆಯಲ್ಲಿ ಕತ್ತಿ, ಅದರ ಮೇಲೆ ದಿನವಿಡೀ ಬೆವರು ಮತ್ತು ಮಳೆ. ಜಾತ್ರೆಯಲ್ಲೋ ಉಪ್ಪಿನಂಗಡಿ ಪೇಟೆಯಲ್ಲೋ ಕೊಂಡ ಅಗ್ಗದ ಬೆಲ್ಟು ಇದನ್ನು ಒಂದು ಮಳೆಗಾಲ ತಾಳಿದರೆ ಹೆಚ್ಚು. ಮೇಲೆ ತೆಳ್ಳಗಿನ ಒಂದು ಪದರ, ಕೆಳಗೆ ಇನ್ನೊಂದು, ನಡುವೆ ರಟ್ಟಿನಂಥ ತುಂಬು, ಎಲ್ಲವನ್ನೂ ಹಿಡಿದಿರುವುದು ಅಂಟು. ಆಟಿ ತಿಂಗಳು ಮುಗಿಯುವಾಗ ಅದು ಪದರ ಪದರವಾಗಿ ಬಾಯಿ ಬಿಡುತ್ತದೆ.

ಬಾಳಿಕೆಯ ಬೆಲ್ಟು ಎಂದರೆ ಮೂರೂವರೆಯಿಂದ ನಾಲ್ಕು ಮಿ.ಮೀ. ದಪ್ಪದ, ಮರದ ತೊಗಟೆ, ಕಾಯಿಗಳಿಂದ ಹದ ಮಾಡಿದ ಒಂದೇ ಪದರದ ಚರ್ಮ. ತಮಿಳುನಾಡಿನ ಆಂಬೂರು, ರಾಣಿಪೇಟೆಯ ಕಡೆ ಹದ ಮಾಡಿದ ಚರ್ಮ ಸಿಗುತ್ತದೆ. ಒಂದು ಚರ್ಮ ತಂದು ಪಟ್ಟಿ ಸೀಳಿ, ತುದಿ ಕೊಯ್ದು, ತೂತು ಹೊಡೆದು, ಬಕಲ್ ಹಾಕಿದರೆ ಬೆಲ್ಟು ಆಯಿತು. ಹೇಳುವುದಕ್ಕೆ ಸುಲಭ. ಕಷ್ಟ ಇರುವುದು ಹತ್ತು ಬೆಲ್ಟಿನಲ್ಲೂ ತೂತು ಒಂದೇ ಜಾಗಕ್ಕೆ, ಪಟ್ಟಿಯ ನಟ್ಟನಡುವೆ ಬೀಳುವಂತೆ ಮಾಡುವುದರಲ್ಲಿ.

ಅಥಣಿ, ನಿಪ್ಪಾಣಿ ಕಡೆಯ ಚಪ್ಪಲಿ ಕಸುಬಿನವರಿಗೆ ಇದು ತೊಡಕೇ ಅಲ್ಲ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಸೇರಿದ್ದು ಆ ಕೈಗಳ ಲೆಕ್ಕದಲ್ಲೇ. ಅವರ ಅಳತೆ ಕಣ್ಣಿನಲ್ಲಿದೆ. ನಮ್ಮಂಥವರಿಗೆ ಆ ಕಣ್ಣಿಲ್ಲ. ಹಾಗಾಗಿ ಅಳತೆಯನ್ನು ಕಬ್ಬಿಣದಲ್ಲಿ ಕೂರಿಸಬೇಕು. ತೂತು ಹೊಡೆಯುವ ಪಂಚ್ ಮಾಡಿಸುವುದೆಂದರೆ ಹರಿತ ಅಂಚು ಮಾಡಿಸುವುದು ಎಂದೇ ಹೆಚ್ಚಿನವರು ತಿಳಿಯುತ್ತಾರೆ. ನನ್ನ ಲೆಕ್ಕದಲ್ಲಿ ಅದು ಅರ್ಧ ಕೆಲಸ. ಉಳಿದರ್ಧ, ಚರ್ಮವನ್ನು ಪಂಚಿನ ಕೆಳಗೆ ಸರಿಯಾದ ಜಾಗದಲ್ಲಿ ನಿಲ್ಲಿಸುವ ಏರ್ಪಾಡು.

ಮೊದಲು ಪಂಚನ್ನು ಒತ್ತುವ ಪ್ರೆಸ್ಸು. ಅಡಿಕೆ ಹಾಳೆಯ ತಟ್ಟೆ ಮಾಡುವ ಮೆಷಿನ್ ಇದ್ದವರಿಗೆ, ಕೆಲಸವಿಲ್ಲದ ತಿಂಗಳಲ್ಲಿ ಅದಕ್ಕೇ ಪಂಚ್ ಸಿಕ್ಕಿಸಬಹುದಲ್ಲ ಎಂದು ತೋರುವುದು ಸಹಜ. ಆದರೆ ಅದರ ಡೈ ಬಿಸಿಯಾಗಿ, ನೆನೆಸಿದ ಹಾಳೆಯನ್ನು ಒತ್ತಿ ಹಿಡಿದು ಆಕಾರ ಕೊಡುವಂಥದ್ದು. ತೇವವಿರುವ ಚರ್ಮಕ್ಕೆ 70-80 ಡಿಗ್ರಿ ಬಿಸಿ ತಾಗಿದರೆ ಅದು ಮುದುಡಿ ಗಟ್ಟಿಯಾಗುತ್ತದೆ, ಮತ್ತೆ ಸರಿಹೋಗುವುದಿಲ್ಲ. ಹೀಟರ್ ಆರಿಸಿಟ್ಟರೂ ಇನ್ನೊಂದು ತೊಡಕಿದೆ. ತಟ್ಟೆಯ ಡೈ ಕುಳಿಯೊಳಗೆ ಇಳಿಯುತ್ತಾ ತಾನಾಗಿ ನಡುವಿಗೆ ಬರುತ್ತದೆ, ಆದ್ದರಿಂದ ಪ್ರೆಸ್ಸಿನಲ್ಲಿ ಸ್ವಲ್ಪ ಆಟವಿದ್ದರೂ ನಡೆಯುತ್ತದೆ. ತೂತಿಗೆ ಆ ಅನುಕೂಲ ಇಲ್ಲ. ಗುಂಡಿನ ತೂಕದ ಫ್ಲೈ ಪ್ರೆಸ್ ಆಗುತ್ತದೆ, ಆದರೆ ಅದರದ್ದು ಹೊಡೆತ. ಹರಿತ ಅಂಚಿನ ಪಂಚ್ ಕೆಳಗಿನ ಹಾಸಿಗೆ ಬಡಿದು ಬೇಗ ಮೊಂಡಾಗುತ್ತದೆ. ಬೆಲ್ಟಿಗೆ ನಾನು ಆರಿಸುವುದು ಒಂದು ಟನ್ನಿನ ಆರ್ಬರ್ ಪ್ರೆಸ್. ಹಲ್ಲಿನ ದಂಡ, ಎಂದರೆ ರ‍್ಯಾಮ್, ಅದನ್ನು ಇಳಿಸುವ ಪಿನಿಯನ್, ಒಂದು ಹಿಡಿ. ಚರ್ಮ ಕೊಯ್ದುಹೋದ ಕ್ಷಣ ಕೈಗೇ ಗೊತ್ತಾಗುತ್ತದೆ.

ಶಕ್ತಿ ಎಷ್ಟು ಬೇಕು ಎಂಬುದಕ್ಕೆ ಪುಸ್ತಕ ಹುಡುಕಬೇಕಾಗಿಲ್ಲ. ಹಿಡಿಯ ಉದ್ದ 400 ಮಿ.ಮೀ., ಪಿನಿಯನ್ನಿನ ತ್ರಿಜ್ಯ 12 ಮಿ.ಮೀ. ಆದರೆ ಕೈ ಬಲ ಸುಮಾರು 33 ಪಟ್ಟಾಗುತ್ತದೆ. ತಿಕ್ಕಾಟದಲ್ಲಿ ಸ್ವಲ್ಪ ಕಳೆದುಹೋಗುತ್ತದೆ ಅಷ್ಟೆ. ಈಗ 5 ಮಿ.ಮೀ. ಪಂಚನ್ನು ನಿಮ್ಮದೇ ಚರ್ಮದ ತುಂಡಿನ ಮೇಲೆ ಇಟ್ಟು, ಹಿಡಿ ಅಡ್ಡಕ್ಕೆ ನಿಲ್ಲುವಂತೆ ಮಾಡಿ, ತುದಿಗೆ ಬಕೆಟ್ ನೇತುಹಾಕಿ ಮೆಲ್ಲಗೆ ನೀರು ಸುರಿಯಿರಿ. ಉದಾಹರಣೆಗೆ ಬಕೆಟ್ಟೂ ನೀರೂ ಸೇರಿ 3 ಕೆ.ಜಿ. ಆದಾಗ ಪಂಚ್ ದಾಟಿತು ಎನ್ನೋಣ. ಪಂಚಿನ ಮೇಲೆ ಬಿದ್ದದ್ದು ಸುಮಾರು 100 ಕೆ.ಜಿ. ಆ ತೂತಿನ ಸುತ್ತಳತೆ 15.7 ಮಿ.ಮೀ. ಅಂದರೆ ಅಂಚಿನ ಪ್ರತಿ ಮಿ.ಮೀ.ಗೆ ಆರೂ ಚಿಲ್ಲರೆ ಕೆ.ಜಿ. ಇದೊಂದು ಸಂಖ್ಯೆ ಕೈಯಲ್ಲಿದ್ದರೆ ಮುಂದಿನ ಯಾವ ಪಂಚಿಗೂ ಅಂಚಿನ ಉದ್ದದಿಂದ ಗುಣಿಸಿದರೆ ಸಾಕು.

ಲೇತಿಗೆ ಹೋಗುವ ಮೊದಲು ನಿಶ್ಚಯಿಸಬೇಕಾದದ್ದು ಹಿಂಬಾಲದ ಅಳತೆ, ಎಂದರೆ ಪಂಚಿನ ಯಾವ ಭಾಗ ರ‍್ಯಾಮಿನೊಳಗೆ ಕೂರುತ್ತದೋ ಅದು. ರ‍್ಯಾಮನ್ನು ಕಳಚಿ, ತಳದಲ್ಲಿ 12 ಮಿ.ಮೀ. ತೂತು ಕೊರೆಸಿ, ಬದಿಯಿಂದ ಒಂದು ಬಿಗಿ ಸ್ಕ್ರೂ ಹಾಕಿಸಿ. ಮುಂದೆ ಮಾಡಿಸುವ ಪಂಚುಗಳಿಗೆಲ್ಲ ಇದೇ 12 ಮಿ.ಮೀ. ಹಿಂಬಾಲ. ದುಂಡು ಪಂಚು ಹೇಗೆ ತಿರುಗಿದರೂ ದುಂಡೇ, ಬಕಲ್ ಮುಳ್ಳಿಗೆ ಬೇಕಾದ ಉದ್ದ ತೂತಿನ ಪಂಚ್ ಹಾಗಲ್ಲ. ಅದರ ಹಿಂಬಾಲದ ಒಂದು ಮಗ್ಗುಲನ್ನು ಚಪ್ಪಟೆ ಮಾಡಿ, ಸ್ಕ್ರೂ ಅಲ್ಲಿಯೇ ಕೂರುವಂತಿರಬೇಕು. ಇಲ್ಲಿ ಇನ್ನೊಂದು ಮಾತು: ಬೆಲ್ಟು ಒಂದು ಮೀಟರಿಗೂ ಉದ್ದ, ಪ್ರೆಸ್ಸಿನ ಕಂಬ ಹಿಂದೆ ಇರುತ್ತದೆ. ಹಾಗಾಗಿ ಪಟ್ಟಿ ಎಡದಿಂದ ಬಲಕ್ಕೇ ಹಾಯಬೇಕು, ಉದ್ದ ತೂತೂ ಎಡ-ಬಲಕ್ಕೇ ಇರಬೇಕು. ಚಪ್ಪಟೆ ಮಗ್ಗುಲು ಯಾವ ಕಡೆ ಎಂದು ಚಿತ್ರದಲ್ಲಿ ಬರೆದುಕೊಡದಿದ್ದರೆ ಲೇತಿನವರು ತಮಗೆ ಅನುಕೂಲವಾದ ಕಡೆ ಮಾಡುತ್ತಾರೆ. ತಪ್ಪು ಅವರದ್ದಲ್ಲ.

ಅಂಚಿನ ವಿಷಯದಲ್ಲಿ ಒಂದು ವಿಚಿತ್ರ ಇದೆ. ಬೆಲ್ಟಿನ ತುದಿ ಕೊಯ್ಯುವ ಬ್ಲೇಡಿನಲ್ಲಿ ನಮಗೆ ಬೇಕಾದ ತುಂಡು ಒಳಗಿರುತ್ತದೆ. ಇಳಿಜಾರು ಹೊರಮಗ್ಗುಲಿಗೆ ಇದ್ದರೆ ಒಳಗಿನ ಅಂಚು ನೇರವಾಗಿ, ನುಣುಪಾಗಿ ಬರುತ್ತದೆ. ತೂತಿನಲ್ಲಿ ನಮಗೆ ಬೇಕಾದದ್ದು ಹೊರಗಿರುವುದು. ಆ ಲೆಕ್ಕಕ್ಕೆ ಇಳಿಜಾರು ಒಳಗಿರಬೇಕಿತ್ತು. ಹಾಗೆ ಮಾಡಿದರೆ ಕೊಯ್ದ ಬಿಲ್ಲೆಗಳು ಕೊಳವೆಯೊಳಗೆ ಒಂದರ ಮೇಲೊಂದು ಕಚ್ಚಿ, ಕೊನೆಗೆ ಪಂಚೇ ಸೀಳುತ್ತದೆ. ಆದ್ದರಿಂದ ತೂತಿಗೂ ಇಳಿಜಾರು ಹೊರಗೇ, 20ರಿಂದ 25 ಡಿಗ್ರಿ. ಕೊಳವೆಯ ಒಳಗೆ ಅಂಚಿನಿಂದ ಮೇಲಕ್ಕೆ ಹೋದಂತೆ ಒಂದೆರಡು ಡಿಗ್ರಿ ಅಗಲವಾಗುತ್ತಾ ಹೋಗಬೇಕು, ಬದಿಯಲ್ಲಿ ಬಿಲ್ಲೆ ಉದುರಲು ಕಿಟಕಿ ಬೇಕು. ಪೇಟೆಯ ಅಗ್ಗದ ಪಂಚುಗಳಲ್ಲಿ ಇಲ್ಲದೇ ಹೋಗುವುದು ಈ ಒಳ ಅಗಲವೇ.

ಲೋಹಕ್ಕೆ ಓಎಚ್‌ಎನ್‌ಎಸ್ ಎಂದು ಕೇಳಿದರೆ ವರ್ಕ್‌ಶಾಪಿನವರಿಗೆ ಗೊತ್ತು, ಎಣ್ಣೆಯಲ್ಲಿ ಗಟ್ಟಿಯಾಗುವ ಉಕ್ಕು. ದುಂಡು ಪಂಚು ಲೇತಿನಲ್ಲೇ ಆಗುತ್ತದೆ. ಉದ್ದ ತೂತಿನದಕ್ಕೆ ವೈರ್ ಕಟ್ ಬೇಕೆನಿಸಿದರೆ ಮಂಗಳೂರಿನ ಯೆಯ್ಯಾಡಿ, ಬೈಕಂಪಾಡಿಯ ಕಡೆ ವಿಚಾರಿಸಬೇಕಾದೀತು. ಒಳಗೆ ಎರಡು ತೂತು ಕೊರೆದು ನಡುವನ್ನು ಅರದಿಂದ ತೆಗೆಯುವ ತಾಳ್ಮೆ ಇದ್ದರೆ ಮನೆಯಲ್ಲೂ ಆದೀತು. ಗಟ್ಟಿ ಮಾಡುವಾಗ ಅಯಸ್ಕಾಂತ ಹಿಡಿಯದಷ್ಟು ಕಾಯಿಸಿ, ಅದಕ್ಕಿಂತ ಒಂಚೂರು ಹೆಚ್ಚು ಎಂದರೆ ಸುಮಾರು 800 ಡಿಗ್ರಿ, ಎಣ್ಣೆಗೆ ಅದ್ದಬೇಕು. ಅಷ್ಟಕ್ಕೇ ಬಿಟ್ಟರೆ ಅಂಚು ಗಾಜಿನಂತೆ ಚಕ್ಕೆ ಏಳುತ್ತದೆ. ಉಜ್ಜಿ ಹೊಳಪು ಬರಿಸಿ ಮತ್ತೆ ಮೆಲ್ಲಗೆ ಕಾಯಿಸಿ, ಒಣಹುಲ್ಲಿನ ಹಳದಿ ಬಣ್ಣ ಓಡಿ ಬಂದಾಗ ನಿಲ್ಲಿಸಿ.

ಪಂಚಿನ ಕೆಳಗೆ ಕಬ್ಬಿಣ ಕೂಡದು. ಆರ್ಬರ್ ಪ್ರೆಸ್ಸಿನ ತಳದಲ್ಲಿ ತೋಡುಗಳಿರುವ ದುಂಡು ಹಲಗೆ ಇರುತ್ತದೆ. ಅದರ ಮೇಲೆ 10-12 ಮಿ.ಮೀ. ಕಬ್ಬಿಣದ ಪ್ಲೇಟನ್ನು ಬೋಲ್ಟ್ ಮಾಡಿ, ಮೇಲೆ ಅಡುಗೆಮನೆಯ ತರಕಾರಿ ಹಲಗೆಯಂಥ ದಪ್ಪ ಪ್ಲಾಸ್ಟಿಕ್ ಹಾಸು ಇಡಬೇಕು. ಪಂಚ್ ಹಾಸಿನೊಳಗೆ ಅರ್ಧ ಮಿ.ಮೀ. ಇಳಿದರೆ ಸಾಕು. ರ‍್ಯಾಮಿಗೆ ಒಂದು ತಡೆ ಕಾಲರ್ ಹಾಕಿಟ್ಟರೆ ಯಾರು ಎಳೆದರೂ ಅಷ್ಟೇ ಇಳಿಯುತ್ತದೆ.

ಇನ್ನು ನಿಜವಾದ ವಿಷಯ, ಗೈಡ್ ಪಟ್ಟಿ. ಪ್ಲೇಟಿನ ಹಿಂಬದಿಯಲ್ಲಿ, ಪಂಚಿನ ನಡುವಿನಿಂದ ಸರಿಯಾಗಿ 19 ಮಿ.ಮೀ. ದೂರಕ್ಕೆ ಒಂದು ನೇರ ಪಟ್ಟಿ ಬಿಗಿಯಿರಿ. 38 ಮಿ.ಮೀ. ಬೆಲ್ಟನ್ನು ಅದಕ್ಕೆ ಒತ್ತಿ ಹಿಡಿದರೆ ತೂತು ನಟ್ಟನಡುವೆ. 35ರ ಬೆಲ್ಟಿಗೆ ಒಂದೂವರೆ ಮಿ.ಮೀ. ತಗಡು, 30ರದ್ದಕ್ಕೆ 4 ಮಿ.ಮೀ. ಪಟ್ಟಿ ನಡುವೆ ಇಟ್ಟರಾಯಿತು. ಸರಿಸುವ, ಅಳೆಯುವ, ಮತ್ತೆ ಬಿಗಿಯುವ ರಗಳೆ ಇಲ್ಲ. ಹೊಂದಿಸಿಕೊಳ್ಳಬಹುದಾದ ಗೈಡು ಕೇಳಲು ಚೆಂದ, ಆದರೆ ಪ್ರತಿ ಸಲ ಹೊಂದಿಸುವಾಗಲೂ ಅದು ಸ್ವಲ್ಪ ತಪ್ಪುತ್ತದೆ. ತಗಡು ತಪ್ಪುವುದಿಲ್ಲ.

ಅಳತೆಯ ಐದು ತೂತು ಸಾಮಾನ್ಯವಾಗಿ ಒಂದಿಂಚು ಅಂತರದಲ್ಲಿರುತ್ತವೆ. ಸೊಂಟದ ಅಳತೆ ನಡುವಿನ ತೂತಿಗೆ ಬರಬೇಕು. ಅಳೆಯುವುದು ಬಕಲ್ ಮಡಿಕೆಯಿಂದ, ಬಕಲಿನ ಹೊರತುದಿಯಿಂದಲ್ಲ. ಐದನ್ನೂ ಒಮ್ಮೆಗೇ ಹೊಡೆಯುವ ಪಂಚ್ ಮಾಡಿಸುವ ಆಸೆ ಎಲ್ಲರಿಗೂ ಬರುತ್ತದೆ. ನನಗೆ ಅದು ದುಂದು ಅನಿಸುತ್ತದೆ. ಪಂಚಿನ ಪಕ್ಕಕ್ಕೆ 25 ಮಿ.ಮೀ. ದೂರದಲ್ಲಿ ಹಾಸಿನ ಮೇಲೆ ಒಂದು ಗೂಟದ ಪಿನ್ನು ಸಾಕು: ಹೊಡೆದ ತೂತನ್ನು ಪಿನ್ನಿಗೆ ಸಿಕ್ಕಿಸಿದರೆ ಮುಂದಿನದು ಅಳತೆಗೆ ಬೀಳುತ್ತದೆ. ಕೂಡಿ ಕೂಡಿ ಐದನೆಯದಕ್ಕೆ ಒಂದು ಮಿ.ಮೀ. ಹೆಚ್ಚುಕಡಿಮೆ ಆದರೂ ಹಾಕಿಕೊಂಡವನಿಗೆ ತಿಳಿಯುವುದಿಲ್ಲ.

ಒಟ್ಟಿಗೆ ಹೊಡೆಯುವ ಪಂಚ್ ಬೇಕಾದದ್ದು ಬಕಲ್ ಕಡೆಗೆ. ಅಲ್ಲಿ 25 ಮಿ.ಮೀ. ಉದ್ದ, 4 ಮಿ.ಮೀ. ಅಗಲದ ತೂತು, ಅದರ ಎರಡೂ ಬದಿಗೆ ಎರಡೆರಡು ರಿವೆಟ್ ತೂತು. ಚರ್ಮ ಮಡಚಿದಾಗ ಈ ಬದಿಯ ತೂತು ಆ ಬದಿಯದರ ಮೇಲೆ ಕೂರಲೇಬೇಕು, ಒಂದು ಮಿ.ಮೀ. ತಪ್ಪಿದರೂ ರಿವೆಟ್ ಓರೆ, ಬಕಲ್ ಓರೆ. ದಪ್ಪ ಚರ್ಮ ಬಾಗುವಾಗ ಅಳತೆ ತಿನ್ನುವುದಿಲ್ಲವೇ ಎಂಬ ಸಂಶಯ ಬರಬಹುದು. ತಿನ್ನುತ್ತದೆ, ಆದರೆ ಎರಡು ಬದಿಯಲ್ಲೂ ಸಮನಾಗಿ. ಆದ್ದರಿಂದ ತೂತುಗಳನ್ನು ನಡುವಿನಿಂದ ಅತ್ತ 30 ಮತ್ತು 50, ಇತ್ತ 30 ಮತ್ತು 50 ಮಿ.ಮೀ.ಗೆ ಇಟ್ಟರೆ ಮಡಚಿದ ಮೇಲೂ ಕೂಡಿಬರುತ್ತವೆ. ಎರಡು ರಿವೆಟ್‌ಗಳ ನಡುವೆ ಬೆಲ್ಟಿನ ತುದಿ ಸಿಕ್ಕಿಸುವ ಬಳೆಗೂ ಜಾಗ ಉಳಿಯುತ್ತದೆ. ಉದ್ದ ತೂತಿನ ಅಂಚು 55, ಮೂರು ಮಿ.ಮೀ.ನ ನಾಲ್ಕು ತೂತಿನದ್ದು 38, ಒಟ್ಟು 93 ಮಿ.ಮೀ. ಬಕೆಟ್ ಲೆಕ್ಕದಲ್ಲಿ ಸುಮಾರು 600 ಕೆ.ಜಿ., ಹಿಡಿಯ ತುದಿಯಲ್ಲಿ 18 ಕೆ.ಜಿ. ಎಳೆತ. ಆಳು ಎಳೆಯಬಹುದಾದದ್ದೇ. ಉದ್ದ ತೂತು ರ‍್ಯಾಮಿನ ನೇರ ಕೆಳಗೆ, ಉಳಿದವು ಎರಡು ಬದಿಗೆ ಸಮ, ಹಾಗಾಗಿ ರ‍್ಯಾಮ್ ಓರೆಯಾಗುವುದಿಲ್ಲ.

ತುದಿ ಕೊಯ್ಯಲು ಉಕ್ಕಿನ ಬ್ಲೇಡು ಪಟ್ಟಿಯನ್ನು ಬಾಗಿಸಿ ಪ್ಲೈವುಡ್ಡಿಗೆ ಹುಗಿದ ಡೈ ಸಾಕು. ಮದುವೆ ಕಾಗದಕ್ಕೂ ರಟ್ಟಿನ ಪೆಟ್ಟಿಗೆಗೂ ಆಕಾರ ಕೊಯ್ಯುವ ಮುದ್ರಣದವರು ಬಳಸುವುದು ಅದನ್ನೇ. ದಪ್ಪ ಚರ್ಮಕ್ಕೆ ಎಂದು ಮೊದಲೇ ಹೇಳಬೇಕು, ಕಾಗದದ ಬ್ಲೇಡು ಬಾಗಿಹೋಗುತ್ತದೆ. ರಿವೆಟ್ ಒತ್ತುವ ಬಟ್ಟಲು ಪಂಚಿಗೆ ಹೇಳುವಂಥದ್ದೇನಿಲ್ಲ. ಅದೇ 12 ಮಿ.ಮೀ. ಹಿಂಬಾಲ, ರಿವೆಟ್ ತಲೆಯ ಉಬ್ಬಿಗೆ ಹೊಂದುವ ಕುಳಿ, ಒಳಗೆ ಚೆನ್ನಾಗಿ ಹೊಳಪು.

ನಮ್ಮ ಕಡೆಯ ದೊಡ್ಡ ಶತ್ರು ಮಳೆಗಾಲ. ಸಂಜೆ ಒರೆಸಿಟ್ಟ ಉಕ್ಕಿಗೆ ಬೆಳಿಗ್ಗೆ ತುಕ್ಕಿನ ಪುಡಿ. ತುಕ್ಕಿನ ಪಂಚನ್ನು ತೇವದ ಚರ್ಮಕ್ಕೆ ಒತ್ತಿದರೆ ತೂತಿನ ಸುತ್ತ ಕಪ್ಪು ಉಂಗುರ ಮೂಡುತ್ತದೆ. ತೊಗಟೆಯ ಒಗರು ಕಬ್ಬಿಣವನ್ನು ಸೇರಿದರೆ ಮಸಿಯೇ. ಹಿಂದೆ ಅಳಲೆಕಾಯಿಯಿಂದ ಬರೆಯುವ ಮಸಿ ಮಾಡುತ್ತಿದ್ದದ್ದೂ ಹೀಗೆಯೇ. ಹೊಸ ಕಲೆಯಾದರೆ ನೀರು ಬೆರೆಸಿದ ನಿಂಬೆರಸ ಒರೆಸಿದಾಗ ಬಹುಮಟ್ಟಿಗೆ ಹೋಗುತ್ತದೆ. ಪಂಚಿಗೆ ಹೊಲಿಗೆ ಮೆಷಿನ್ನಿನ ಎಣ್ಣೆ ಸವರಿ ಮುಚ್ಚಳದ ಡಬ್ಬಿಯಲ್ಲಿಡಿ. ತೆಂಗಿನೆಣ್ಣೆ ಬೇಡ, ದಿನ ಕಳೆದಂತೆ ಕೆಡುತ್ತದೆ. ತೂತು ಹೊಡೆಯುವಾಗ ಚರ್ಮ ಒಣಗಿರಲಿ. ನೆಂದಾಗ ಹೊಡೆದದ್ದು ಸಲೀಸು ಅನಿಸಿದರೂ ಒಣಗಿದ ಮೇಲೆ ತೂತಿನ ಅಳತೆ ಬದಲಾಗಿರುತ್ತದೆ.

ಕತ್ತಿ ನೇತುಹಾಕುವ ಬೆಲ್ಟಿಗೆ ಇಷ್ಟೆಲ್ಲ ಸರಿ. ಇದೇ ಪ್ರೆಸ್ಸಿನಲ್ಲಿ ಅಡಿಕೆ ಮರ ಹತ್ತುವವರ ರಕ್ಷಣಾ ಬೆಲ್ಟು ಮಾಡಿಕೊಡಿ ಎಂದು ಯಾರಾದರೂ ಕೇಳಿದರೆ ಒಪ್ಪಬೇಡಿ. ಆಳಿನ ಭಾರ ಹೊರುವ ಬೆಲ್ಟನ್ನು ಪರೀಕ್ಷೆ ಮಾಡಿ ಪ್ರಮಾಣೀಕರಿಸಿರಬೇಕು, ಚರ್ಮದ ಪ್ರತಿ ತೂತೂ ಅಲ್ಲಿ ಒಂದು ದುರ್ಬಲ ಜಾಗ.

ಪಂಚ್ ಮಾಡಿಸಲು ಹೋಗುವಾಗ ಚಿತ್ರದ ಜೊತೆ ನೀವು ಹಾಕುವ ಬಕಲ್ಲನ್ನೂ, ಚರ್ಮದ ಒಂದು ತುಂಡನ್ನೂ, ರಿವೆಟ್ಟನ್ನೂ ಒಯ್ಯಿರಿ. ಮೊದಲ ಸಲಕ್ಕೆ ದುಂಡು ಪಂಚೊಂದನ್ನೇ ಮಾಡಿಸಿ, ಬಕೆಟ್ ಪರೀಕ್ಷೆ ಮುಗಿಸಿ, ಬಕಲ್ ಕಡೆಯ ಜೋಡಿ ಪಂಚಿಗೆ ಆಮೇಲೆ ಹೇಳಿದರೆ ಸಾಕು.