ಸಭೆಯನ್ನು ಸಂಬೋಧಿಸುವ ರೀತಿ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ನಮ್ಮಲ್ಲಿ ಕೇಳದವರು ವಿರಳ. ಒಮ್ಮೆ ಕೆಳಗಿನ ತರಗತಿಯೊಂದರಲ್ಲಿ ಈ ಗಾದೆಯ ಅರ್ಥವನ್ನು ವಿವರಿಸುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದುನಿಂತು, “ಬಲ್ಲವಳಿಗೆ, ಟೀಚರ್?” ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು, ನಾವೂ ನಕ್ಕೆವು. ಆದರೆ ಮನೆಗೆ ಬಂದ ಮೇಲೂ ಆ ಪ್ರಶ್ನೆಯು ನಮ್ಮನ್ನು ಬಿಡಲಿಲ್ಲ. ಮನೆಮನೆಯಲ್ಲಿ ಊಟದ ಹದವನ್ನು ಬಲ್ಲವಳು ತಾಯಿ. ಒಳ್ಳೆಯ ಮಾತಿನಿಂದ ಜಗಳವನ್ನು ತಣಿಸುವವಳೂ ಬಹುಮಟ್ಟಿಗೆ ಅವಳೇ. ಆದರೂ ಗಾದೆಯೊಳಗೆ ಅವಳಿಗೆ ಸ್ಥಳವಿಲ್ಲ.

ಹಿರಿಯರ ಗಾದೆಗಳನ್ನು ತಿದ್ದುವದು ನಮ್ಮ ಉದ್ದೇಶವಲ್ಲ. ಗಂಡಸರೂ ಹೆಂಗಸರೂ ಕೂಡಿರುವ ಕಡೆಯಲ್ಲಿ ಯಾರನ್ನೂ ಹೊರಗಿಡದೆ ಮಾತನಾಡುವದು ಹೇಗೆಂಬದನ್ನು ಮಾತ್ರ ಇಲ್ಲಿ ವಿಚಾರಿಸುವೆವು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಇಂದು ಕಚೇರಿ, ಆಸ್ಪತ್ರೆ, ಪಂಚಾಯತಿ, ಸಹಕಾರಿ ಸಂಘಗಳಲ್ಲಿ ಹೊಣೆ ಹೊತ್ತು ಸಭೆಗಳನ್ನು ನಡಿಸುತ್ತಾರೆ, ಸುತ್ತೋಲೆಗಳನ್ನು ಬರೆಯುತ್ತಾರೆ. ಆದಕಾರಣ ಈ ವಿಷಯವು ಅವರಿಗೆ ಕೇವಲ ವ್ಯಾಕರಣದ ಪಾಠವಲ್ಲ, ದಿನದ ಕೆಲಸವೇ ಆಗಿದೆ.

ಈ ಸಂಗತಿಯಲ್ಲಿ ಕನ್ನಡವು ಬಹು ಉದಾರವಾದ ಭಾಷೆಯೆಂದು ಹೇಳಬೇಕು. ನಾನು ಬಂದೆನು, ನೀವು ಬಂದಿರಿ ಎಂಬ ಮಾತುಗಳಲ್ಲಿ ಹೆಣ್ಣು ಗಂಡೆಂಬ ಭೇದವೇ ಇಲ್ಲ. ಪ್ರಥಮ ಪುರುಷದ ಏಕವಚನದಲ್ಲಿ ಅವನು, ಅವಳು, ಅದು ಎಂದು ಮೂರು ರೂಪಗಳಾದರೂ, ಬಹುವಚನಕ್ಕೆ ಬಂದೊಡನೆ ಅವನೂ ಅವಳೂ ಕೂಡಿ “ಅವರು” ಆಗುತ್ತಾರೆ. ಹಿಂದೀ ಭಾಷೆಯಲ್ಲಿ ಹಾಗಲ್ಲ. ಹೆಂಗಸರ ನಡುವೆ ಒಬ್ಬ ಗಂಡಸು ಸೇರಿದರೂ ಕ್ರಿಯಾಪದವು ಸಾಮಾನ್ಯವಾಗಿ ಪುಲ್ಲಿಂಗದ ರೂಪವನ್ನು ತಾಳುತ್ತದೆ. ನಮ್ಮ ಹಳೆಯ ವ್ಯಾಕರಣಕಾರರು ಗಂಡಿಗೂ ಹೆಣ್ಣಿಗೂ ಸಮಾನವಾಗಿ ಸಲ್ಲುವ ಶಬ್ದಗಳನ್ನು ಪುಂಸ್ತ್ರೀಲಿಂಗವೆಂಬ ಬೇರೆ ಹೆಸರಿನಿಂದಲೇ ಎಣಿಸಿದ್ದಾರೆ. ಹೀಗೆ ಕನ್ನಡವು ಎಲ್ಲರಿಗೂ ಒಂದೇ ಚಾಪೆಯನ್ನು ಹಾಸಿ ಇಟ್ಟಿದೆ.

ಹಾಗಾದರೆ ಕೊರತೆಯು ಎಲ್ಲಿದೆ? ನಾವು ಸಂಬೋಧನೆಗೆ ಆರಿಸಿಕೊಳ್ಳುವ ನಾಮಪದಗಳಲ್ಲಿದೆ. ಮಹಾಶಯರೇ, ಸಹೋದರರೇ, ಅಣ್ಣತಮ್ಮಂದಿರೇ ಎಂದು ಅಭ್ಯಾಸಬಲದಿಂದ ಆರಂಭಿಸುತ್ತೇವೆ. ಎದುರಿಗೆ ಕುಳಿತವರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರಿದ್ದರೂ ನಾಲಿಗೆಯು ಹಳೆಯ ದಾರಿಯನ್ನೇ ಹಿಡಿಯುತ್ತದೆ. ಈ ತಪ್ಪನ್ನು ನಾವೂ ಮಾಡಿದ್ದೇವೆಂದು ಒಪ್ಪಿಕೊಳ್ಳುತ್ತೇವೆ. ಒಂದು ವರುಷ ಸಭೆಯ ಕರೆಪತ್ರದ ಮೇಲೆ “ವಿದ್ಯಾರ್ಥಿನಿಯ ತಂದೆಯವರಿಗೆ” ಎಂದು ಬರೆದು ಮಕ್ಕಳ ಕೈಯಲ್ಲಿ ಕೊಟ್ಟು ಕಳುಹಿಸಿದೆವು. ಮರುದಿನ ಒಬ್ಬ ಹುಡುಗಿಯು ಆ ಪತ್ರವನ್ನು ಒಡೆಯದೆ ಹಿಂದಕ್ಕೆ ತಂದು, “ನಮ್ಮ ತಂದೆಯವರು ತೀರಿಕೊಂಡಿದ್ದಾರೆ, ಇದನ್ನು ಯಾರಿಗೆ ಕೊಡಲಿ?” ಎಂದಳು. ಅವಳ ತಾಯಿಯು ಕೂಲಿ ಮಾಡಿ ಮಕ್ಕಳನ್ನು ಓದಿಸುತ್ತಿದ್ದವಳು. ಸಭೆಗೆ ಮೊದಲು ಬರಬೇಕಾಗಿದ್ದವಳು ಅವಳೇ; ನಮ್ಮ ಒಂದು ಶಬ್ದವು ಅವಳನ್ನು ಬಾಗಿಲಿನ ಹೊರಗೆ ನಿಲ್ಲಿಸಿತ್ತು. ಆ ದಿನದಿಂದ ನಾವು “ಪೋಷಕರಿಗೆ” ಎಂದು ಬರೆಯುತ್ತೇವೆ. ತಾಯಿ, ತಂದೆ, ಅಜ್ಜಿ, ಸೋದರಮಾವ, ಯಾರು ಮಗುವನ್ನು ಸಾಕುತ್ತಿದ್ದರೂ ಆ ಶಬ್ದವು ಅವರಿಗೆ ಸಲ್ಲುವದು.

ಕೆಲವರು, ಸಹೋದರರೇ ಎಂದರೆ ಸಹೋದರಿಯರೂ ಅದರಲ್ಲಿ ಅಡಕವಾಗಿದ್ದಾರೆಂದು ಹೇಳಬಹುದು. ಕಾಯಿದೆಯು ಹಾಗೆಯೇ ಹೇಳಿದ್ದುಂಟು. 1860ರ ಭಾರತೀಯ ದಂಡ ಸಂಹಿತೆಯ 8ನೆಯ ಕಲಮು, “ಅವನು” ಎಂಬ ಸರ್ವನಾಮವು ಗಂಡಸಿಗೂ ಹೆಂಗಸಿಗೂ ಅನ್ವಯಿಸುವದೆಂದು ವಿಧಿಸಿತ್ತು. ಅದರ ಸ್ಥಳದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು ಅದೇ ಸರ್ವನಾಮದಲ್ಲಿ ಲಿಂಗಪರಿವರ್ತಿತರನ್ನೂ ಸೇರಿಸಿದೆ. ಕಾಯಿದೆಯ ಪುಸ್ತಕಕ್ಕೆ ಇಂಥ ವ್ಯಾಖ್ಯೆ ಸಾಕಾಗಬಹುದು. ಆದರೆ ಸಭೆಯ ಆರಂಭದಲ್ಲಿ ಯಾರೂ ವ್ಯಾಖ್ಯೆಯನ್ನು ಓದಿ ಹೇಳುವದಿಲ್ಲ. ಕೇಳುವವರು ಕಿವಿಗೆ ಬಿದ್ದ ಶಬ್ದದಿಂದಲೇ ತಮ್ಮನ್ನು ಕರೆದರೋ ಇಲ್ಲವೋ ಎಂದು ತಿಳಿಯುತ್ತಾರೆ.

ಸತ್ಯವೇದದ ಭಾಷಾಂತರಕಾರರಿಗೂ ಇದೇ ಪ್ರಶ್ನೆಯು ಎದುರಾಯಿತು. ಪೌಲನ ಪತ್ರಗಳ ಗ್ರೀಕ್ ಮೂಲದಲ್ಲಿರುವ “ಅದೆಲ್ಫೊಯ್” ಎಂಬ ಶಬ್ದವು ಸಹೋದರರೆಂಬ ಅರ್ಥವುಳ್ಳದ್ದಾದರೂ, ಸ್ತ್ರೀಪುರುಷರು ಕೂಡಿದ ಸಭೆಗೂ ಸಲ್ಲುತ್ತಿತ್ತು. ಫಿಲಿಪ್ಪಿಯವರಿಗೆ ಬರೆದ ಪತ್ರದ ನಾಲ್ಕನೆಯ ಅಧ್ಯಾಯದಲ್ಲಿ ಹಾಗೆ ಸಂಬೋಧಿಸಿದ ಬೆನ್ನಿಗೇ ಯುವೊದ್ಯಳು, ಸಂತುಕೆ ಎಂಬ ಇಬ್ಬರು ಸ್ತ್ರೀಯರನ್ನು ಹೆಸರು ಹಿಡಿದು ಕರೆದಿರುವದನ್ನು ಕಾಣುತ್ತೇವೆ. ಆದಕಾರಣ 1989ರಲ್ಲಿ ಪ್ರಕಟವಾದ ಇಂಗ್ಲಿಷಿನ ಹೊಸ ಪರಿಷ್ಕೃತ ಭಾಷಾಂತರವು, ಇಂಥ ಅನೇಕ ಸ್ಥಳಗಳಲ್ಲಿ ಸಹೋದರಿಯರನ್ನೂ ಸೇರಿಸಿ ಹೇಳಿತು. ಮೂಲದ ಅರ್ಥವನ್ನು ಇಂದಿನ ಕಿವಿಗೆ ಮುಟ್ಟಿಸುವದೇ ಅದರ ಅಭಿಪ್ರಾಯವಾಗಿತ್ತು.

ಒಂದು ಶಬ್ದವು ಎಲ್ಲರನ್ನೂ ಒಳಗೊಳ್ಳುವದೋ ಇಲ್ಲವೋ ಎಂದು ಅರಿಯಲು ಸುಲಭವಾದ ಪರೀಕ್ಷೆಯೊಂದುಂಟು: ಅದನ್ನು ತಿರುಗಿಸಿ ನೋಡಿರಿ. ಕೂಡಿದ ಸಭೆಯನ್ನು “ಸಹೋದರಿಯರೇ” ಎಂದು ಮಾತ್ರ ಕರೆದರೆ ಗಂಡಸರು ತಮ್ಮನ್ನೂ ಕರೆದರೆಂದು ತಿಳಿಯುವರೇ? ಇಲ್ಲವಾದರೆ, ಹೆಂಗಸರಿಂದ ಮಾತ್ರ ಆ ಸಹನೆಯನ್ನು ಅಪೇಕ್ಷಿಸುವದು ನ್ಯಾಯವಲ್ಲ. 2022ರಲ್ಲಿ ರಾಜ್ಯಸಭೆಯ ಸದಸ್ಯೆಯೊಬ್ಬರು, ತಾವು ಕೇಳಿದ ಪ್ರಶ್ನೆಗೂ “ಇಲ್ಲ, ಸರ್” ಎಂಬ ಉತ್ತರವೇ ಬರುತ್ತದೆಂದು ಆಕ್ಷೇಪಿಸಿದರು. ಉತ್ತರಗಳು ಸಭಾಪತಿಯವರನ್ನು ಉದ್ದೇಶಿಸಿದವುಗಳೆಂದು ಸಚಿವಾಲಯವು ಸಮಾಧಾನ ಹೇಳಿದರೂ, ಮುಂದೆ ಲಿಂಗಭೇದವಿಲ್ಲದ ರೀತಿಯಲ್ಲಿ ಉತ್ತರಿಸುವಂತೆ ಮಂತ್ರಾಲಯಗಳಿಗೆ ತಿಳಿಸಲಾಗುವದೆಂದು ಒಪ್ಪಿಕೊಂಡಿತು.

ಇನ್ನು ಆಚರಣೆಗೆ ಬೇಕಾದ ಕೆಲವು ಸೂಚನೆಗಳನ್ನು ಕೊಡುವೆವು. ಮೊದಲನೆಯದು, ಎಲ್ಲರಿಗೂ ಸಲ್ಲುವ ಶಬ್ದವಿದ್ದಲ್ಲಿ ಅದನ್ನೇ ಆರಿಸಬೇಕು: ಸಭಿಕರೇ, ಸ್ನೇಹಿತರೇ, ಬಂಧುಗಳೇ, ಹಿರಿಯರೇ, ಮಕ್ಕಳೇ. ಎರಡನೆಯದು, ಅಂಥ ಶಬ್ದವಿಲ್ಲದಲ್ಲಿ ಜೋಡಿಯಾಗಿ ಹೇಳಬೇಕು: ಅಕ್ಕತಂಗಿಯರೇ, ಅಣ್ಣತಮ್ಮಂದಿರೇ. ಮೂರನೆಯದು, ನಿಯಮಗಳನ್ನು ಬರೆಯುವಾಗ “ಸದಸ್ಯನು ತನ್ನ ಚಂದಾವನ್ನು ಸಲ್ಲಿಸತಕ್ಕದ್ದು” ಎನ್ನುವ ಬದಲು “ಸದಸ್ಯರು ತಮ್ಮ ಚಂದಾವನ್ನು ಸಲ್ಲಿಸತಕ್ಕದ್ದು” ಎಂದರೆ ಸಾಕು. ಅರ್ಥವು ಕೆಡದೆ ಎಲ್ಲರೂ ಒಳಗಾಗುತ್ತಾರೆ. ನಾಲ್ಕನೆಯದು, ಹೆಣ್ಣೂ ಗಂಡೂ ಎಂಬ ಎರಡರಲ್ಲಿ ಸೇರದವರೂ ನಮ್ಮ ನಡುವೆ ಇದ್ದಾರೆ. ಅವರ ಹಕ್ಕನ್ನು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಮಾನ್ಯಮಾಡಿತು. ಜೋಡಿ ಶಬ್ದಗಳಲ್ಲಿ ಅವರಿಗೆ ಎಡೆಯಿಲ್ಲ. “ಒಡಹುಟ್ಟಿದವರೇ” ಎಂಬ ನಮ್ಮ ಅಚ್ಚಗನ್ನಡದ ಶಬ್ದದಲ್ಲಿ ಯಾರಿಗೂ ಎಡೆಯಿಲ್ಲದೆ ಹೋಗುವದಿಲ್ಲ. ಕಡೆಯದಾಗಿ, ಬಾಯಿತಪ್ಪಿ ಹಳೆಯ ಶಬ್ದವನ್ನು ಆಡಿದವರನ್ನು ಸಭೆಯಲ್ಲಿ ನಾಚಿಸಬಾರದು. ಸರಿಯಾದದ್ದನ್ನು ತಾವು ಆಡಿ ತೋರಿಸುವದೇ ಉತ್ತಮ.

ಬೆಂಚಿನ ಹಿಂದಿನ ಆ ಹುಡುಗಿಗೆ ನಾವು ಉತ್ತರ ಕೊಡದೆ ಇರಲಿಲ್ಲ. ಮರುದಿನ ಕರೀ ಹಲಗೆಯ ಮೇಲೆ ಗಾದೆಯನ್ನು ಬರೆದು, “ಬಲ್ಲವನಿಗೆ” ಎಂಬಲ್ಲಿ ಒಂದೇ ಅಕ್ಷರವನ್ನು ಒರಸಿ “ಬಲ್ಲವರಿಗೆ” ಎಂದು ತಿದ್ದುವಂತೆ ಸೀಮೆಸುಣ್ಣವನ್ನು ಅವಳ ಕೈಗೇ ಕೊಟ್ಟೆವು. ಗಾದೆಯ ಸತ್ಯವು ಅದರಿಂದ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಅದರಲ್ಲಿ ಪಾಲು ಪಡೆಯುವವರು ಮಾತ್ರ ಹೆಚ್ಚಾದರು.